ಚಿಮಣಿ ಬೆಳಕಿನಲ್ಲಿ ಉಮ್ಮನ ಕೈ

ಮಳೆಗಾಲದಲ್ಲಿ ನಿಮ್ಮೂರಲ್ಲಿ ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ? ನಮ್ಮ ಹಾನುಬಾಳು ಕಡೆ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕತ್ತಲೆಯೇ. ನಾನು ಬೆಳೆದ ಕಾಫಿ ತೋಟದ ಲೈನ್ ಮನೆಗಂತೂ ಆಗ ಕರೆಂಟೇ ಇರಲಿಲ್ಲ. ಒಂದು ಚಿಮಣಿ ಬುಡ್ಡಿ, ಅದರ ಸುತ್ತ ನಾವು ಐದು ಜನ.

ಆ ಮನೆಯೆಂದರೆ ನನಗೆ ನಾಚಿಕೆ. ಕಾಲೇಜಿನ ಗೆಳತಿಯರನ್ನು ಒಮ್ಮೆಯೂ ಕರೆಯಲಿಲ್ಲ. ಕಾಫಿ ಹಣ್ಣು ಕೊಯ್ದು ಕೊಯ್ದು ಉಮ್ಮನ ಬೆರಳುಗಳಿಗೆ ಕಪ್ಪು ಕಲೆ ಹಿಡಿದಿತ್ತು. ಅವರು ಒಂದು ದಿನ ಕಾಲೇಜಿಗೆ ಬಂದಾಗ, "ಉಮ್ಮಾ, ಕೈ ಸೆರಗಿನೊಳಗಿರಲಿ" ಎಂದವಳು ನಾನು.

ಕೆಲವು ವರ್ಷಗಳ ಹಿಂದೆ ಶಾಲೆಯ ಮಕ್ಕಳೊಂದಿಗೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿದ್ದೆ. ಅಲ್ಲಿ ಹಲ್ದಂಕರ್ ಅವರು 1940ರ ದಶಕದಲ್ಲಿ ಜಲವರ್ಣದಲ್ಲಿ ಬರೆದ ದೀಪದ ಮಹಿಳೆಯ ಚಿತ್ರ ನೋಡಿದೆ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳು ಕೆಂಪಗೆ ಹೊಳೆಯುತ್ತವೆ. ಸುಂದರ ಕೈ. ನನಗೆ ಮಾತ್ರ ಇನ್ನೊಂದು ಕೈ ನೆನಪಾಯಿತು.

ಮನೆಯ ಗೋಡೆಗೆ ಮನುಷ್ಯರ ಚಿತ್ರ ತೂಗುವ ರೂಢಿ ನಮ್ಮಲ್ಲಿಲ್ಲ, ಚಿತ್ರಕಲೆ ನಾನು ಕಲಿತ ವಿಷಯವೂ ಅಲ್ಲ. ಆದರೂ ಊರಿಗೆ ಬಂದ ಮೇಲೆ ಬೆಳಕು ನೆರಳಿನ ಚಿತ್ರಗಳ ಪುಸ್ತಕವೊಂದನ್ನು ತಂದು ಓದಿದೆ. ಅದರಲ್ಲಿ ಸಿಕ್ಕಿತು ವ್ಯಾನ್ ಗೋನ 'ಆಲೂಗಡ್ಡೆ ತಿನ್ನುವವರು'. 1885ರಲ್ಲಿ ಹಾಲೆಂಡಿನ ನ್ಯೂನೆನ್ ಎಂಬ ಹಳ್ಳಿಯಲ್ಲಿ ಬರೆದದ್ದು. ಒಂದು ಎಣ್ಣೆ ದೀಪ, ಅದರ ಕೆಳಗೆ ಐದು ಜನ! ಅದಕ್ಕಾಗಿ ಅವನು ಚಳಿಗಾಲವಿಡೀ ರೈತರ ಮುಖಗಳನ್ನು ಬರೆದು ಬರೆದು ಕೈ ಪಳಗಿಸಿಕೊಂಡಿದ್ದ. ಬಣ್ಣವೂ ಸಿಪ್ಪೆ ತೆಗೆಯದ ಆಲೂಗಡ್ಡೆಯದೇ. ದೀಪದ ಬೆಳಕು ಗಂಟುಗಂಟಾದ ಕೈಗಳ ಮೇಲೆ ಬೀಳುತ್ತದೆ. ತಟ್ಟೆಗೆ ಚಾಚಿದ ಈ ಕೈಗಳೇ ನೆಲ ಅಗೆದವು, ಇದು ಪ್ರಾಮಾಣಿಕವಾಗಿ ದುಡಿದ ಊಟ ಎಂಬರ್ಥದಲ್ಲಿ ಅವನು ತಮ್ಮನಿಗೆ ಪತ್ರ ಬರೆದಿದ್ದ. ನಾವಾದರೆ ಹಲಾಲ್ ತುತ್ತು ಎನ್ನುತ್ತೇವೆ.

ಆ ಐವರಲ್ಲಿ ಒಬ್ಬಳು ಹುಡುಗಿ ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಅವಳ ಮುಖ ಕಾಣುವುದಿಲ್ಲ, ಬೆನ್ನೆಲ್ಲ ನೆರಳು. ಅವಳಲ್ಲಿ ನನ್ನನ್ನೇ ಕಂಡಂತಾಗಿ ಪುಟ ಮಡಚಿದೆ.

ರಜೆಗೆ ಹೋದಾಗ ಪುಸ್ತಕವನ್ನು ಉಮ್ಮನ ಮುಂದೆ ಹಿಡಿದೆ. ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು. ಕಪ್ಪು ಬೆರಳೊಂದು ಮೆಲ್ಲಗೆ ಚಿತ್ರದ ಅಂಚಿಗೆ ಬಂತು.

"ಈ ಮುದುಕಿ ಬಗ್ಗಿಸುತ್ತಿರುವುದು ಕಾಫಿಯಾ?"

"ಹೌದು ಉಮ್ಮಾ."

"ಯಾರು ಕೊಯ್ದದ್ದೋ" ಎಂದರು.