ಕಣಕಟ್ಟೆಯಿಂದ ಕದ್ರಿಯವರೆಗೆ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಬಯಲುಸೀಮೆಯ ಊರು. ರಾಗಿಯ ಹೊಲ, ತೆಂಗಿನ ತೋಟ, ಮಳೆಗಾಗಿ ಮುಗಿಲನ್ನು ನೋಡುವ ಕೆರೆ, ಇವು ಆ ಸೀಮೆಯ ನೋಟ. ಇಲ್ಲಿ ಮದುವೆಯೆಂದರೆ ಓಲಗ. ಓಲಗವೆಂದರೆ ನಾಗಸ್ವರ ಮತ್ತು ಡೋಲು. ಇಲ್ಲಿಂದ ಪಡುಗಡಲಿನ ಕಡೆಗೆ ಒಂದು ದಿನದ ಪ್ರಯಾಣ ಮಾಡಿದವನ ಕಿವಿಗೆ ಅದೇ ಮುಹೂರ್ತದ ಹೊತ್ತಿನಲ್ಲಿ ಅದೇ ರಾಗಗಳು ಬೇರೊಂದು ಕಂಠದಿಂದ ಕೇಳಿಬರುತ್ತವೆ. ಆ ಕಂಠ ಹಿತ್ತಾಳೆಯದು; ಅದರ ಹೆಸರು ಸ್ಯಾಕ್ಸೋಫೋನ್.

ಅರಸೀಕೆರೆಯಲ್ಲಿ 1220ರ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪವನ್ನು ಕಂಡು ರೈಲನ್ನೇರಿದರೆ, ಹಾದಿ ಹಾಸನದತ್ತ ತಿರುಗುತ್ತದೆ. ಸಕಲೇಶಪುರ ದಾಟಿದೊಡನೆ ಘಟ್ಟದ ಇಳಿತ. 57 ಸುರಂಗಗಳ ಕತ್ತಲೆ, ನಡುನಡುವೆ ಜಲಪಾತಗಳ ಬೆಳ್ಳಿಗೆರೆ. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ತೆರೆಯಿತು. ಸುಬ್ರಹ್ಮಣ್ಯ, ಪುತ್ತೂರು ಕಳೆದು ಬಂಟ್ವಾಳ ಬಂದಾಗ ನೇತ್ರಾವತಿಯ ದರ್ಶನವಾಗುತ್ತದೆ. ಈ ನದೀತೀರದ ಸಜೀಪಮೂಡವೇ ಕದ್ರಿ ಗೋಪಾಲನಾಥರ ಹುಟ್ಟೂರು.

1949ರಲ್ಲಿ ಜನಿಸಿದ ಗೋಪಾಲನಾಥರ ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನೂ ಅದೇ ವಾದ್ಯವನ್ನು ಹಿಡಿದಿದ್ದ. ಆದರೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿನ ನಾದ ಬಾಲಕನ ಮನಸ್ಸನ್ನು ಸೆಳೆದುಬಿಟ್ಟಿತು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರ ಶಿಷ್ಯವೃತ್ತಿ, ಮುಂದೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ. ಹೀಗೆ ಸುಮಾರು ಇಪ್ಪತ್ತು ವರ್ಷಗಳ ಸಾಧನೆ ನಡೆಯಿತು.

ಇಷ್ಟು ದೀರ್ಘಕಾಲ ಏಕೆ ಬೇಕಾಯಿತು? ನಾಗಸ್ವರದ ರಂಧ್ರಗಳು ತೆರೆದವು. ಬೆರಳು ಅವನ್ನು ಅರೆಮುಚ್ಚಿ ಸ್ವರವನ್ನು ಜಾರಿಸಬಲ್ಲದು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ನಿರ್ಮಿಸಿ 1846ರಲ್ಲಿ ಹಕ್ಕು ಪಡೆದ ಈ ವಾದ್ಯದಲ್ಲಾದರೋ ರಂಧ್ರಗಳನ್ನು ಮುಚ್ಚುವುದು ಬೆರಳಲ್ಲ, ಲೋಹದ ಕೀಲಿ. ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಿದಂತೆ ನಡೆಯುವುದೇ ಅದರ ಸ್ವಭಾವ. ಗಮಕವಿಲ್ಲದೆ ಕರ್ನಾಟಕ ಸಂಗೀತವಿಲ್ಲ. ಕೀಲಿ ಕೊಡದುದನ್ನು ತುಟಿಯ ಒತ್ತಡದಿಂದ, ಉಸಿರಿನ ಹದದಿಂದ ಪಡೆಯಬೇಕಾಗಿತ್ತು. ಅದು ಸಿದ್ಧಿಸದಿದ್ದರೆ ಆ ವಾದ್ಯ ಬ್ಯಾಂಡಿನಲ್ಲಿಯೇ ಉಳಿಯುತ್ತಿತ್ತು.

ಸಿದ್ಧಿಸಿದ ನಾದವನ್ನು ಮೆಚ್ಚಿದವರಲ್ಲಿ ಜಾಜ್ ಕಲಾವಿದರೂ ಇದ್ದರು. 1980ರ ಮುಂಬಯಿ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರ ವಾದನ ಕೇಳಿ, ತಾವೂ ಜೊತೆಗೂಡಿ ನುಡಿಸಲು ಬಯಸಿದರು. ಆಗಿಂದಾಗಲೇ ಸ್ವರ ಕಟ್ಟುವುದು ಜಾಜಿನ ಜೀವಾಳ. ನಮ್ಮ ಮನೋಧರ್ಮ ಸಂಗೀತಕ್ಕೂ ಅದೇ ಜೀವಾಳ. 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಬಿ. ಬಿ. ಸಿ. ಪ್ರಾಮ್ಸ್ ಕಚೇರಿ, 2004ರಲ್ಲಿ ಪದ್ಮಶ್ರೀ ಇವರಿಗೆ ಸಂದವು.

ಅಮೆರಿಕದ ಕೊಲರಾಡೊದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಎಂಬ ಜಾಜ್ ಕಲಾವಿದರ ಪ್ರಸಂಗವೂ ಸ್ವಾರಸ್ಯಕರ. ಸೋದರನು ತಮಾಷೆಗೆಂದು ಕೊಟ್ಟ ಗೋಪಾಲನಾಥರ ಧ್ವನಿಮುದ್ರಿಕೆ ಈ ತರುಣನಿಗೆ ತಮಾಷೆಯಾಗಿ ತೋರಲಿಲ್ಲ. ತನ್ನ ಕೈಯಲ್ಲಿದ್ದ ವಾದ್ಯವೇ ತನ್ನ ಹಿರಿಯರ ನಾಡಿನ ಸಂಗೀತವನ್ನು ನುಡಿಯುವುದನ್ನು ಆತ ಅಲ್ಲಿ ಕೇಳಿದ. ಮುಂದೆ ಇಬ್ಬರೂ ಕೂಡಿ ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಹೊರಬಂದಿತು. ಬಂಧುಗಳು ಎಂದೇ ಆ ಹೆಸರಿನ ಅರ್ಥ.

ಪ್ರಯಾಣ ಮುಗಿಯುವುದು ಮಂಗಳೂರಿನ ಕದ್ರಿಯಲ್ಲಿ. ಅಲ್ಲಿನ ಮಂಜುನಾಥ ದೇವಾಲಯದಲ್ಲಿ ಆಳುಪ ದೊರೆ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಇದೇ ಮಂಗಳೂರಿನಲ್ಲಿ ಕಣ್ಮುಚ್ಚಿದರು. ಕರಾವಳಿಯ ಉತ್ಸವಗಳಲ್ಲಿ, ಮದುವೆಯ ಚಪ್ಪರಗಳಲ್ಲಿ ಇಂದು ಸ್ಯಾಕ್ಸೋಫೋನ್ ಮಂಗಳವಾದ್ಯವಾಗಿ ನಿಂತಿದೆ. ಅನೇಕ ಕಡೆ ನಾಗಸ್ವರವು ಅದಕ್ಕೆ ಎಡೆ ಬಿಟ್ಟುಕೊಟ್ಟಿದೆ. ತಂದೆಯ ವಾದ್ಯ ಹಿಂದೆ ಸರಿದುದು ನಷ್ಟವೇ ಸರಿ. ಆದರೆ ಆ ವಾದ್ಯದ ಗಮಕ ಅಳಿಯಲಿಲ್ಲ. ಮಗನ ಉಸಿರಿನ ಮೂಲಕ ಹಿತ್ತಾಳೆಗೆ ಇಳಿದು, ಕಣಕಟ್ಟೆಯ ಓಲಗಕ್ಕೂ ಕದ್ರಿಯ ಸ್ಯಾಕ್ಸೋಫೋನಿಗೂ ನಂಟನ್ನು ಉಳಿಸಿತು.