ಬೀಟ್‌ರೂಟಿನ ಉಗ್ರಾಣ

ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯಿಂದ ನಾನು ಮೊದಲು ಬೈಸಿಕೊಂಡದ್ದು ಬೀಟ್‌ರೂಟಿನ ದೆಸೆಯಿಂದ. ಅದನ್ನು ಹೆಚ್ಚಿ, ಆಮೇಲೆ ತೊಳೆಯುತ್ತಿದ್ದೆ. "ಬಣ್ಣವನ್ನೆಲ್ಲ ಮೋರಿಗೆ ಸುರಿದೆಯಲ್ಲೇ! ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಬೇಕು" ಎಂದರು. ಪಿಯುಸಿಯಲ್ಲಿ ವಿಜ್ಞಾನ ಓದಿ, ಅಲ್ಲಿಗೇ ನಿಲ್ಲಿಸಿ ಬಂದವಳು ನಾನು. ಶಾಲೆಯ ಮೆಟ್ಟಿಲು ಹತ್ತದವರಿಂದ ನನಗೆ ಪಾಠವೇ ಎಂದು ಒಳಗೊಳಗೇ ಉರಿದುಕೊಂಡಿದ್ದೆ.

ಮೊನ್ನೆ ಬಿ.ಎಸ್‌ಸಿ. ಓದುತ್ತಿರುವ ಮಗಳು ಆ ಮಾತಿನ ಅರ್ಥ ಬಿಡಿಸಿ ಹೇಳಿದಳು. ಬೀಟ್‌ರೂಟಿನ ಜೀವಕೋಶದೊಳಗೆ ರಸದಾನಿ ಎಂಬ ಚೀಲವಿದೆಯಂತೆ. ಬಲಿತ ಕೋಶದಲ್ಲಿ ಶೇಕಡಾ 90ರಷ್ಟು ಜಾಗವನ್ನೂ ಅದೇ ಹಿಡಿಯಬಹುದು. ಬೆಟಲೇನ್ ಎಂಬ ಕೆಂಬಣ್ಣ ಚೀಲದ ಹೊರಗೆ ತಯಾರಾಗಿ, ಒಳಗೆ ಹೋಗಿ ಶೇಖರವಾಗುತ್ತದೆ. ಕತ್ತಿ ತಗುಲಿದರೆ ಚೀಲದ ತೆಳುಪೊರೆ ಹರಿಯುತ್ತದೆ, ಬಿಸಿ ತಾಗಿದರೆ ಸಡಿಲವಾಗುತ್ತದೆ. ಬೇಯುವಾಗ ಬಣ್ಣ ನೀರಿಗೆ ಸೋರದಂತೆ ತಡೆಯುವುದು ಆ ಸಿಪ್ಪೆಯೇ!

"ಮತ್ತೆ ಕ್ಯಾರೆಟ್ ಬೇಯಿಸಿದರೆ ನೀರು ಹಾಗೆ ಕೆಂಪಾಗುವುದಿಲ್ಲವಲ್ಲ?" ಎಂದೆ.

"ಅದರ ಕ್ಯಾರೋಟಿನ್ ಇರುವ ಜಾಗವೇ ಬೇರೆ ಅಮ್ಮಾ. ಅದು ಕರಗುವುದು ನೀರಿಗಲ್ಲ, ಎಣ್ಣೆಗೆ."

ಹೌದಲ್ಲ! ಪಲ್ಯದ ಒಗ್ಗರಣೆ ಎಣ್ಣೆ ಹಳದಿಯಾಗುವುದನ್ನು ದಿನಾ ನೋಡುವವಳೇ ನಾನು.

"ಬಣ್ಣ ತಯಾರಾದರೆ ಸಾಲದು, ಜಾಗ ಸೇರಬೇಕು" ಎಂದು ಅವಳು ಮೆಕ್ಕೆಜೋಳದ ಕಥೆ ಹೇಳಿದಳು. ನೇರಳೆ ಕಾಳಿನಲ್ಲಿರುವುದು ಆಂಥೋಸಯನಿನ್ ಎಂಬ ಬೇರೊಂದು ಬಣ್ಣ. ಅದನ್ನು ರಸದಾನಿಗೆ ಸೇರಿಸಲು ನೆರವಾಗುವ ಒಂದು ಕಿಣ್ವ ಇಲ್ಲದಿದ್ದರೆ, ಬಣ್ಣ ಹೊರಗೇ ಉಳಿದು ಕೆಟ್ಟು, ಕಾಳು ಕಂಚಿನಂತೆ ಮಂಕಾಗುತ್ತದೆ. ಆ ಕಿಣ್ವ ಯಾವುದೆಂದು ಅಮೆರಿಕದ ವಿಜ್ಞಾನಿಗಳು 1995ರಲ್ಲಿ ತೋರಿಸಿಕೊಟ್ಟರಂತೆ.

ಬಾಗಿಲ ಬಳಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಅಂದರೆ ಅದಕ್ಕೂ ಒಂದು ಉಗ್ರಾಣ ಇದೆ ಅನ್ನು" ಎಂದು ನಕ್ಕರು. ತುಸು ಹೊತ್ತು ಬಿಟ್ಟು, ನನ್ನ ಮುಖ ನೋಡದೆಯೇ, "ನೀನೂ ಇವಳ ಹಾಗೆ ಓದಬಹುದಿತ್ತು ಕಣಮ್ಮ. ನಾವೇ ಬೇಡ ಅಂದ್ವಿ" ಎಂದರು.

ಇಪ್ಪತ್ತೈದು ವರ್ಷಗಳಿಂದ ಈ ಒಂದು ಮಾತಿಗೇ ಕಾದಿದ್ದೆನೇನೋ. ಬಂದಾಗ ಏನು ಹೇಳಬೇಕೆಂದು ತೋಚಲಿಲ್ಲ. ಬೀಟ್‌ರೂಟನ್ನು ತೊಳೆದು, ಸಿಪ್ಪೆ ತೆಗೆಯದೆ, ಇಡಿಯಾಗಿ ಕುಕ್ಕರಿಗೆ ಹಾಕಿದೆ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಮಗಳ ಪುಸ್ತಕ ತೆಗೆದು, ಜೀವಕೋಶದ ಪಾಠವನ್ನು ಮೊದಲ ಪುಟದಿಂದ ಓದತೊಡಗಿದೆ.