ಮೇಲಿನವರೆಗೆ ಹೋಗದ ಗೋಡೆ

ನಮ್ಮ ಪ್ರಕಾಶನದ ಕಚೇರಿ ಚಾಮರಾಜಪೇಟೆಯ ಹಳೆಯ ಬಾಡಿಗೆ ಮನೆಯಿಂದ ಜಯನಗರದ ಒಂದು ಎರಡನೇ ಮಹಡಿಗೆ ಹೋಗುವುದೆಂದು ತೀರ್ಮಾನವಾದಾಗ, ಒಳಗಿನ ಕೆಲಸವನ್ನೆಲ್ಲ ಮಾಡಿಸುವ ಹೊಣೆ ನನ್ನ ಮೇಲೆ ಬಿತ್ತು. ನಾನು ಲೆಕ್ಕ ಬರೆಯುವವಳು. ದುಡ್ಡು ಪೋಲಾಗದಂತೆ ನೋಡಿಕೊಳ್ಳುತ್ತೇನೆ ಎಂಬುದು ಯಜಮಾನರ ನಂಬಿಕೆ. ನೋಡಿಕೊಂಡೆ ಕೂಡ.

ಮೊದಲ ಪೆಟ್ಟು ಅಳತೆಯಲ್ಲೇ ಬಿತ್ತು. ಬಾಡಿಗೆ ಮಾತಾಡಿದ್ದು 1,600 ಚದರಡಿಗೆ. ಮೆಟ್ಟಿಲು, ಲಿಫ್ಟು, ಹೊರಗಿನ ಹಾದಿಯ ಪಾಲೆಲ್ಲ ಸೇರಿ ಅಷ್ಟು. ಟೇಪು ಹಿಡಿದು ಒಳಗೆ ಅಳೆದರೆ ಸಿಕ್ಕಿದ್ದು 1,150. ಅದರ ನಡುವೆ ನಕ್ಷೆಯಲ್ಲಿ ಕಾಣದ ಎರಡು ಕಂಬಗಳು ಬೇರೆ. ಅಷ್ಟರಲ್ಲಿ ಮೇಜುಗಳ ಆರ್ಡರ್ ಹೋಗಿಯಾಗಿತ್ತು. ನಾಲ್ಕು ಎ.ಸಿ. ಹಾಕಿಸಿದೆವು, ಕಟ್ಟಡದವರು ನಮ್ಮ ಮಹಡಿಗೆ ಪಡೆದಿದ್ದ ವಿದ್ಯುತ್ ಲೋಡ್ 3 ಕಿಲೋವ್ಯಾಟ್. ಒಂದೂವರೆ ಟನ್ನಿನ ಒಂದೊಂದು ಎ.ಸಿ.ಯೂ ಹತ್ತಿರ ಹತ್ತಿರ ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಎರಡು ಓಡಿದರೆ ಕಂಪ್ಯೂಟರಿಗೇನು ಉಳಿಯಿತು? ಲೋಡ್ ಹೆಚ್ಚಿಸಲು ಬೆಸ್ಕಾಂಗೆ ಅರ್ಜಿ ಹಾಕಬೇಕು, ಮೀಟರ್ ಮಾಲೀಕರ ಹೆಸರಲ್ಲಿ, ಮಾಲೀಕರು ಮಗಳ ಬಾಣಂತನಕ್ಕೆ ಪರದೇಶದಲ್ಲಿ. ಇನ್ನು ಮುಹೂರ್ತ. ಬಡಗಿಗಳನ್ನು ಒಂದು ಮಾತೂ ಕೇಳದೆ ಶ್ರಾವಣದ ಎರಡನೇ ಶುಕ್ರವಾರ ಪೂಜೆ ಎಂದು ಗೊತ್ತುಮಾಡಿಬಿಟ್ಟಿದ್ದೆವು. ಸತ್ಯನಾರಾಯಣನ ಕತೆ ನಡೆಯುವಾಗ ಪಕ್ಕದ ಕೋಣೆಯಲ್ಲಿ ಡ್ರಿಲ್ಲಿಂಗ್ ನಡೆಯುತ್ತಿತ್ತು.

ಇವೆಲ್ಲ ಸರಿಪಡಿಸಬಹುದಾದ ತಪ್ಪುಗಳು. ಹಣ ಹೋಯಿತು, ಬೈಸಿಕೊಂಡದ್ದಾಯಿತು, ಮುಗಿಯಿತು. ನನ್ನನ್ನು ಇವತ್ತಿಗೂ ಬಿಡದಿರುವುದು ಕೊಟೇಶನ್ನಿನ ಹದಿನೇಳನೇ ಸಾಲು.

ಮೀಟಿಂಗ್ ರೂಮಿನ ಜಿಪ್ಸಂ ಗೋಡೆಯನ್ನು ಫಾಲ್ಸ್ ಸೀಲಿಂಗ್ ದಾಟಿಸಿ ಮೋಲ್ಡಿನವರೆಗೆ ಎಬ್ಬಿಸಿ, ಒಳಗೆ ರಾಕ್‌ವೂಲ್ ತುಂಬಲು 18,000 ರೂಪಾಯಿ. ಸೀಲಿಂಗಿನ ಮೇಲೆ ಯಾರ ಕಣ್ಣಿಗೂ ಬೀಳದ ಎರಡು ಅಡಿ ಗೋಡೆಗೆ ಅಷ್ಟು ದುಡ್ಡೇ? ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ. ಗುತ್ತಿಗೆದಾರ “ಮೇಡಂ, ಸೌಂಡ್ ಹೋಗುತ್ತೆ” ಅಂದ. ಹೆಚ್ಚಿನ ಬಿಲ್ಲಿಗೆ ದಾರಿ ಮಾಡ್ತಿದ್ದಾನೆ ಅಂದುಕೊಂಡೆ. ಅಂಥ ಜಾಗದಲ್ಲಿ ಶಬ್ದ ಗೋಡೆಯನ್ನು ತೂರಿಕೊಂಡು ಹೋಗಬೇಕಾಗಿಲ್ಲ. ತೆಳುವಾದ ಸೀಲಿಂಗಿನೊಳಗೆ ನುಗ್ಗಿ, ಮೇಲಿನ ಖಾಲಿ ಜಾಗದಲ್ಲಿ ಗೋಡೆ ಹತ್ತಿ, ಆಚೆ ಇಳಿಯುತ್ತದೆ.

ಹಳೆಯ ಮನೆಯಲ್ಲಿ ಈ ತಾಪತ್ರಯ ಇರಲಿಲ್ಲ. ದಪ್ಪ ಗೋಡೆ, ಗೋಡೆಗೊರಗಿ ನೆಲದಿಂದ ತೊಲೆಯವರೆಗೆ ಪುಸ್ತಕ. ಆ ಪುಸ್ತಕಗಳೇ ಸದ್ದನ್ನೆಲ್ಲ ಕುಡಿಯುತ್ತಿದ್ದವೆಂದು ಹೊಳೆದದ್ದು ಅವನ್ನು ಗೋದಾಮಿಗೆ ಸಾಗಿಸಿ, ಗಾಜು ಮತ್ತು ವಿಟ್ರಿಫೈಡ್ ಟೈಲಿನ ಹಾಲಿನಲ್ಲಿ ಕೂತ ಮೇಲೆ. ಚಮಚ ಬಿದ್ದರೂ ದೇವಸ್ಥಾನದ ಗಂಟೆ.

ಇದರಿಂದ ಹೆಚ್ಚು ಪೆಟ್ಟು ತಿಂದವರು ನಮ್ಮ ರಾಯರು. ಮೂವತ್ತು ವರ್ಷದಿಂದ ಪ್ರೂಫ್ ನೋಡುತ್ತಿದ್ದವರು. ಅವರದು ಹಳೆಯ ಕ್ರಮ: ಒಬ್ಬ ಹುಡುಗಿ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇವರು ಕರಡಚ್ಚಿನ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. “ಬಂದನು ಅಲ್ಪವಿರಾಮ ನಿಂತನು ಪೂರ್ಣವಿರಾಮ ಹೊಸ ಪ್ಯಾರಾ” ಎಂದು ದಿನವಿಡೀ ಜಪದಂತೆ ನಡೆಯುತ್ತಿತ್ತು. ಹಳೆಯ ಮನೆಯಲ್ಲಿ ಅವರಿಗೊಂದು ಕೋಣೆಯಿತ್ತು. ಹೊಸ ನಕ್ಷೆ ಮಾಡುವಾಗ ಹಾಲಿನಲ್ಲಿ ಹನ್ನೆರಡು ಮೇಜು ಎಣಿಸಿದೆ, ಹನ್ನೆರಡು ಜನರನ್ನು ಎಣಿಸಿದೆ, ಯಾರು ಹೇಗೆ ಕೆಲಸ ಮಾಡುತ್ತಾರೆಂದು ಒಬ್ಬರನ್ನೂ ಕೇಳಲಿಲ್ಲ. ಡಿಟಿಪಿ ಹುಡುಗರು ಗೊಣಗಲು ಶುರುಮಾಡಿದ ಮೇಲೆ ರಾಯರ ಮೇಜನ್ನು ಮೂಲೆಗೆ, ಮೀಟಿಂಗ್ ರೂಮಿನ ಗೋಡೆಯ ಪಕ್ಕಕ್ಕೆ ಹಾಕಿಸಿದೆ. ಅದು ಪ್ರಶಾಂತವಾದ ಜಾಗ ಅಂತ.

ಅಮೆರಿಕದಲ್ಲಿ ರಾಬರ್ಟ್ ಪ್ರಾಪ್ಸ್ಟ್ ಎಂಬಾತ 1960ರ ದಶಕದಲ್ಲಿ, ನೌಕರರಿಗೆ ಸ್ವಲ್ಪ ಸ್ವಾತಂತ್ರ್ಯವೂ ಮರೆಯೂ ಸಿಗಲೆಂದು ಜರುಗಿಸಬಹುದಾದ ಗೋಡೆಗಳ ಕಚೇರಿಯನ್ನು ರೂಪಿಸಿದನಂತೆ. ಕಂಪನಿಗಳು ಅದನ್ನೇ ಕುಗ್ಗಿಸಿ ಕುಗ್ಗಿಸಿ ಕ್ಯುಬಿಕಲ್ ಎಂಬ ಡಬ್ಬಿ ಮಾಡಿದವು. ಅದನ್ನು ಕಂಡು ಅವನಿಗೇ ಹೇಸಿಗೆಯಾಯಿತಂತೆ. ಓದಿದಾಗ ನನಗೆ ಅವನಿಗಿಂತ ಆ ಕಂಪನಿಗಳ ಲೆಕ್ಕದವರೇ ಹೆಚ್ಚು ಪರಿಚಿತರೆನಿಸಿದರು.

ಕಾರ್ತಿಕದ ಒಂದು ಮಧ್ಯಾಹ್ನ ಯಜಮಾನರು ಮೀಟಿಂಗ್ ರೂಮಿಗೆ ಕರೆದರು. ಬಾಗಿಲು ಹಾಕಿಕೊಂಡೆ.

“ಪ್ರೂಫ್ ಹೊರಗೆ ಕೊಟ್ರೆ ಪುಟಕ್ಕಿಷ್ಟು ಅಂತ ಮುಗಿದುಹೋಗುತ್ತೆ. ರಾಯರ ಸಂಬಳಕ್ಕೆ ಹೋಲಿಸಿ ನೋಡಮ್ಮ.”

ನೋಡಿಟ್ಟುಕೊಂಡೇ ಹೋಗಿದ್ದೆ. “ಅರ್ಧಕ್ಕಿಂತ ಕಡಿಮೆಯಾಗುತ್ತೆ ಸಾರ್” ಅಂದೆ. ನನ್ನ ಗಂಟಲು ಸ್ವಲ್ಪ ದೊಡ್ಡದು. “ಅವರಿಗೂ ವಯಸ್ಸಾಯ್ತು. ಮಾರ್ಚ್‌ವರೆಗೆ ಇಟ್ಟುಕೊಂಡು ನೋಡೋಣ.”

ಆಗ ಎಲ್ಲವೂ ನಿಶ್ಶಬ್ದವೆನಿಸಿತು. ಏನು ನಿಂತಿತೆಂದು ತಿಳಿಯಲು ಕ್ಷಣ ಹಿಡಿಯಿತು. ಗೋಡೆಯಾಚೆ ಹುಡುಗಿಯ ಓದು ನಿಂತಿತ್ತು. ಅಲ್ಲಿಯವರೆಗೂ ಅಲ್ಪವಿರಾಮ, ಪೂರ್ಣವಿರಾಮ ಅಷ್ಟೂ ಒಳಗೆ ಕೇಳುತ್ತಲೇ ಇತ್ತು, ನಾನು ಗಮನಿಸಿರಲಿಲ್ಲ. ಅವರದು ನಮಗೆ ಕೇಳುವುದಾದರೆ ನಮ್ಮದು ಅವರಿಗೆ ಕೇಳದೆ ಇರುತ್ತದೆಯೇ? ಯಜಮಾನರು ಚಾವಣಿ ನೋಡಿದರು, ನಾನು ಡೈರಿ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ರಾಯರ ದನಿ ಕೇಳಿತು: “ಮುಂದಕ್ಕೆ ಓದಮ್ಮ. ಎಲ್ಲಿಗೆ ಬಂದಿದ್ವಿ?”

ಸಂಜೆ ಅವರು ಎಂದಿನಂತೆ ತಿದ್ದಿದ ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟರು. ಕೊಡೆ ತೆಗೆದುಕೊಳ್ಳುತ್ತಾ, “ಆ ರೂಮಲ್ಲಿ ಸಂಬಳದ ವಿಷಯ ಮಾತಾಡಬೇಡಮ್ಮ. ಹುಡುಗಿಗೂ ಕೇಳಿಸುತ್ತೆ, ಪಾಪ, ಅವಳು ಹೆದರ್ಕೊಂಡ್ಳು” ಅಂದರು. ಅಷ್ಟೇ. ಅವಳ ವಿಷಯ ಮಾತ್ರ ಹೇಳಿದರು.

ಮಾರ್ಚ್ ಬರಲು ಬಿಡದೆ ಸಂಕ್ರಾಂತಿ ಕಳೆದ ವಾರ ಕಾಗದ ಕೊಟ್ಟು ಹೋದರು. ಹೊರಗೆ ಕೊಟ್ಟು ಮಾಡಿಸಿದ ಮೊದಲ ಪುಸ್ತಕದಲ್ಲಿ ಲೇಖಕರ ಹೆಸರೇ ತಪ್ಪಾಗಿತ್ತು.

ಮೇ ತಿಂಗಳ ರಜೆಯಲ್ಲಿ ಗೋಡೆ ಎಬ್ಬಿಸಿದೆವು. ಸೀಲಿಂಗ್ ಬಿಚ್ಚಿ, ಕೇಬಲ್ ಎಲ್ಲ ಸರಿಸಿ, ಮತ್ತೆ ಬಣ್ಣ ಹೊಡೆದು, ಒಟ್ಟು 43,000 ರೂಪಾಯಿ. ಜೂನಿನಲ್ಲಿ ರಾಯರು ಪಿ.ಎಫ್. ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಬಂದರು. ಮೀಟಿಂಗ್ ರೂಮಿನಲ್ಲಿ ಕೂರಿಸಿ ಕಾಫಿ ತರಿಸಿದೆ. ಹೊರಡುವಾಗ ಗೋಡೆಯನ್ನು ಬೆರಳ ಗಿಣ್ಣಿನಿಂದ ಎರಡು ಸಲ ತಟ್ಟಿ, ತಲೆಯೆತ್ತಿ ನೋಡಿ, “ಮೇಲಿನವರೆಗೆ ಹೋಗಿದೆಯಾ?” ಎಂದು ಕೇಳಿದರು.

“ಹೋಗಿದೆ ರಾಯರೇ” ಅಂದೆ.

“ಒಳ್ಳೇದಾಯ್ತು” ಅಂದು, ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡರು.